ಅಂಬ್ರೆಲಾ ಲಂಗದ ಅಂಚು

ಚಿತ್ರದುರ್ಗದ ಕೋಟೆಗೆ ಬಟ್ಟೆ ಹೊದಿಸಿದರೆ ಏಳು ಸುತ್ತಿನ ಅಂಚನ್ನೂ ಒಂದು ಸುಕ್ಕಿಲ್ಲದೆ ಹೊಲಿದುಕೊಡುವವಳು ನಾನು. ಇದರಲ್ಲಿ ಅರ್ಧ ಸುಳ್ಳು, ಸ್ವಾತಿ. ಮೂರೂವರೆ ಸುತ್ತಿಗೇ ಕಣ್ಣು ಮಂಜಾಗುತ್ತದೆ. ಆದರೆ ಹೊಸದುರ್ಗದ ಆ ಟೈಲರ್ ನಿರಂಜನ್ ಇದ್ದಾನಲ್ಲ, ಅವನಿಗೆ ಕರವಸ್ತ್ರದ ಅಂಚೂ ಬರುವುದಿಲ್ಲ. ಅಂಗಡಿಗೆ ಮಾತ್ರ ಆಳೆತ್ತರದ ಬೋರ್ಡು, ಗೋಡೆಗೆ ಬಾಗಿಲಗಲದ ಸರ್ಟಿಫಿಕೇಟು.

ನನ್ನ ತಂಗಿಯ ಮೊಮ್ಮಗಳು ಯಶೋದಾ ಅವನ ಹತ್ತಿರ ಒಂದು ವಾರ ಕೆಲಸ ಮಾಡಿ ತೋರಿಸಬೇಕಿತ್ತು. ಕೈಕೆಲಸ ಹಿಡಿಸಿದರೆ ನೌಕರಿ ಕಾಯಂ. ಕೊನೆಯ ದಿನ ಮೇಘಶ್ರೀ ಎಂಬ ಹುಡುಗಿಯ ಅಂಬ್ರೆಲಾ ಲಂಗ ಬಂತು. ನಿರಂಜನ್ ತಾನೇ ಮಿಷನ್ ಮುಂದೆ ಕುಳಿತು, ಬಟ್ಟೆಯನ್ನು ಎತ್ತಿನ ಹಗ್ಗದಂತೆ ಎಳೆದೆಳೆದು ಅಂಚು ಹೊಲಿದ. ಅದು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುರುಟಿಕೊಂಡಿತು. ತಪ್ಪು ಯಾರ ಮೇಲೆ ಬಿತ್ತು? ಯಶೋದಾಳ ಮೇಲೆ!

"ಸಂಜೆಯೊಳಗೆ ಸರಿ ಮಾಡು. ಇಲ್ಲಾಂದ್ರೆ ನಾಳಿಂದ ಬರಬ್ಯಾಡ" ಅಂದನಂತೆ.

ಅವಳು ಫೋನಿನಲ್ಲಿ ಅತ್ತಳು. ನಾನು ಆಟೋ ಹತ್ತಿ ಅಂಗಡಿಗೆ ಹೋದೆ.

"ಏನಪ್ಪ ನಿರಂಜನ, ಇದು ಲಂಗನೋ, ವಾಣಿವಿಲಾಸ ಸಾಗರದ ಅಲೆಗಳೋ?"

"ಅಜ್ಜಿ, ಇದು ಫ್ಯಾಷನ್. ನಿಮಗೆ ತಿಳಿಯಂಗಿಲ್ಲ, ಸುಮ್ಕೆ ಕುಂತ್ಕಳ್ರಿ."

ಕುಳಿತೆ, ಆದರೆ ಸುಮ್ಮನಲ್ಲ. ಯಶೋದಾ ಹೊಲಿಗೆ ಬಿಚ್ಚಿದಳು. ನೀರು ಚಿಮುಕಿಸಿ ಇಸ್ತ್ರಿ ಒತ್ತಿ, ಹಿಗ್ಗಿದ ಬಟ್ಟೆಯನ್ನು ದಾರಿಗೆ ತಂದಳು.

"ಎಳೀಬ್ಯಾಡ ಕಣೆ. ಮೊದ್ಲು ಅಂಚಿಂದ ಕಾಲು ಇಂಚು ಒಳಗೆ ಒಂದು ಸುತ್ತು ಬರೀ ಹೊಲಿಗೆ ಹಾಕು. ಆ ಗೆರೆ ಮ್ಯಾಲೇ ಮಡಚು, ಮಿಕ್ಕಿದ್ದು ಕತ್ತರಿಸು. ಇನ್ನೊಂದು ಸಲ ಮಡಚಿ ಹೊಲಿ. ಬಟ್ಟೆ ಅದರ ಪಾಡಿಗೆ ಅದು ಹೋಗ್ಲಿ" ಎಂದೆ.

ಗೋಧಿಕಾಳಿನಷ್ಟು ಅಗಲದ ಅಂಚು, ತಿರುವಿನಲ್ಲೂ ಅಷ್ಟೇ ಅಗಲ. ಇರುವೆ ನಡೆದರೂ ಎಡವುವುದಿಲ್ಲ. ನಿರಂಜನ್ ಇತ್ತ ನೋಡಲೂ ಇಲ್ಲ, ಫೋನ್ ಒತ್ತುತ್ತಾ ನಗುತ್ತಿದ್ದ.

ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಮೇಘಶ್ರೀ ಬಂದೇಬಿಟ್ಟಳು. ಲಂಗ ಹರಡಿ, ಹೊಲಿದ ಅರ್ಧವನ್ನು ಬೆರಳಲ್ಲಿ ಸವರಿ ನೋಡಿದಳು.

"ಅಯ್ಯೋ, ಎಷ್ಟು ಚೆನ್ನಾಗೈತೆ! ಯಾರು ಹೊಲಿದದ್ದು ಇದು? ನನ್ನ ಮದುವೆ ಬಟ್ಟೆನೆಲ್ಲ ಅವರ ಕೈಲೇ ಹೊಲಿಸ್ತೀನಿ."

ಯಶೋದಾ ಬಾಯಿ ತೆರೆಯುವ ಮೊದಲೇ ಆ ಮಹಾನುಭಾವ ಎದ್ದು ನಿಂತ. "ನಾನೇ ಮೇಡಂ. ಈ ಹುಡುಗಿ ಇನ್ನೂ ಕಲೀತೈತೆ."

ಯಶೋದಾಳ ಮುಖ ಸುಟ್ಟ ಬದನೆಕಾಯಿಯಾಯಿತು. ನಾನು ಸೀರೆ ಕೊಡವಿಕೊಂಡು ಎದ್ದೆ.

"ಹಂಗಾದ್ರೆ ಉಳಿದರ್ಧ ನಮ್ಮೆದುರೇ ಹೊಲಿಯಪ್ಪ. ನಾವೂ ನೋಡಿ ಕಲ್ತುಕೊಳ್ತೀವಿ."

"ಹೌದಣ್ಣ, ನಾನೂ ಕಾಯ್ತೀನಿ" ಎಂದು ಮೇಘಶ್ರೀ ಕುರ್ಚಿ ಎಳೆದುಕೊಂಡಳು.

ಅವನು ಮಿಷನ್ ಮುಂದೆ ಕುಳಿತ. ಗಂಟಲು ಸರಿಮಾಡಿಕೊಂಡ. ಎರಡೂ ಕೈಯಲ್ಲಿ ಬಟ್ಟೆ ಹಿಡಿದು, ಜೋರಾಗಿ ಎಳೆದ.

ಮುಂದೇನಾಯಿತು, ಮೇಘಶ್ರೀಯ ಮದುವೆ ಬಟ್ಟೆಗಳು ಈಗ ಯಾರ ಮನೆಗೆ ಹೊಲಿಗೆಗೆ ಬಂದಿವೆ, ನೀನೇ ಹೇಳು ನೋಡೋಣ ಸ್ವಾತಿ.