ಭೂತಕನ್ನಡಿಯೊಳಗಿನ ಬೀದಿ

ಬಲಗೈ ಹೆಬ್ಬೆರಳಿನ ಉಗುರ ಸಂದಿಯ ಹಸಿರು ಬಣ್ಣ ಏನು ಮಾಡಿದರೂ ಹೋಗಲೊಲ್ಲದು. ಗಂಡನ ತಣ್ಣನೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಅವಳು ಉಜ್ಜುತ್ತಲೇ ಇದ್ದಳು. ನಡುಮನೆಯಲ್ಲಿ ಹೂವಿನ ವಾಸನೆಗಿಂತ ಥಿನ್ನರಿನ ಘಾಟೇ ಜಾಸ್ತಿಯಾಗಿತ್ತು. ಮದುವೆಯಾದಾಗಿನಿಂದ ಅವನ ಮೈಯಿಂದ ಬರುತ್ತಿದ್ದ ವಾಸನೆಯೂ ಅದೇ. ಕಣ್ಣು ಮುಚ್ಚಿದರೆ ಅವನು ಇನ್ನೂ ಇದ್ದಾನೆ ಅನ್ನಿಸುತ್ತಿತ್ತು.

"ಸಾಕು ಬಿಡಕ್ಕ," ಎಂದಳು ತಂಗಿ. "ಉಗುರನ್ನ ಯಾರು ನೋಡ್ತಾರೆ?"

"ಈ ಬೀದಿಯೋರು ನೋಡ್ತಾರೆ. ಉಗುರೇ ಮೊದಲು ನೋಡ್ತಾರೆ."

ಅವಳು ಹೇಳಿದ್ದು ಸುಳ್ಳಲ್ಲ. ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಕೂತವರು ಸತ್ತವನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಮುಗಿಸಿ, ಈಗ ಕತ್ತೆತ್ತಿ ಮಹಡಿಯ ಕಿಟಕಿಯನ್ನು ನೋಡುತ್ತಿದ್ದರು. ಆ ಕಿಟಕಿಯ ಹಿಂದಿನ ಕೋಣೆಯಲ್ಲಿ ಅವರೆಲ್ಲರೂ ಇದ್ದರು. ಇಸ್ತ್ರಿಯವನು, ಟೈಲರ್, ಮೂಲೆಮನೆಯ ಕಂಪೌಂಡರ್, ಒಬ್ಬರೂ ತಪ್ಪದೆ. ಒಬ್ಬೊಬ್ಬರೂ ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಗೊಂಬೆಯಾಗಿ, ತಂತಮ್ಮ ಬಾಗಿಲಲ್ಲಿ ನಿಂತವರು.

"ಮೇಲೆ ಯಾರಾದ್ರೂ ಹೋಗಿ ನೋಡಿದ್ರಾ?" ಇಸ್ತ್ರಿಯವನು ಕಂಪೌಂಡರನ ಕಿವಿಯಲ್ಲಿ ಕೇಳಿದ.

"ನನಗ್ಯಾಕಪ್ಪ. ನಾನಿದೀನೋ ಇಲ್ವೋ ಅಂತ ತಿಳ್ಕೊಂಡು ಏನು ಮಾಡ್ಲಿ?"

"ನಾನಿಲ್ಲ ಅಂತ ಗೊತ್ತಾದ್ರೆ, ಇಸ್ತ್ರಿ ಆಗಿರೋ ಬಟ್ಟೆ ಎಲ್ಲಾ ಇವತ್ತೇ ಮನೆಮನೆಗೆ ಕೊಟ್ಬಿಡ್ತೀನಿ."

ಇಬ್ಬರೂ ಬಂದ ನಗೆಯನ್ನು ನುಂಗಿಕೊಂಡರು. ಆದರೆ ಇಬ್ಬರ ಕಣ್ಣೂ ಕಿಟಕಿಯಿಂದ ಕೆಳಗಿಳಿಯಲಿಲ್ಲ.

ಟೈಲರ್ ಮಾತ್ರ ನಗಲಿಲ್ಲ. ಮೂರು ದಿನದ ಕೆಳಗೆ ಅವನ ಹೆಂಡತಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ಕುಸಿದುಬಿದ್ದಿದ್ದಳು. ಅಂದಿನಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಮಗಳನ್ನು ಅಲ್ಲಿ ಕೂರಿಸಿ ಇವನು ಸಾವಿನ ಮನೆಗೆ ಬಂದಿದ್ದ. ಒಳಗೆ ಬಂದು, ಹೆಣದ ಕಾಲ ಬಳಿ ನಿಂತು, ಬಾಯಿಗೆ ಬಂದ ಮಾತನ್ನು ಎರಡು ಸಲ ಹಿಂದಕ್ಕೆಳೆದುಕೊಂಡು ಕೊನೆಗೆ ಕೇಳಿಯೇಬಿಟ್ಟ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಈ ಹೊತ್ನಲ್ಲಿ ಕೇಳೋ ಮಾತಲ್ಲ. ಮೇಲೆ ನಮ್ಮನೆಯವಳು ಬಾಲ್ಕನಿಯಲ್ಲಿ ಇದಾಳಾ ಅಂತ ಒಂದ್ಸಲ ನೋಡ್ಕೊಂಡು ಬರ್ಲಾ?"

ತಂಗಿಗೆ ಮೈಯೆಲ್ಲ ಉರಿಯಿತು. "ನಾಚಿಕೆ ಆಗಲ್ವೇನ್ರೀ ನಿಮಗೆ? ಹೆಣ ಇನ್ನೂ ಮನೇಲಿದೆ."

"ಇದಾಳೆ ಅಂತ ಗೊತ್ತಾದ್ರೆ ಒಂದು ಸಮಾಧಾನ. ಅಷ್ಟೇ," ಎಂದ ಅವನು. ಅಳತೆಯ ಟೇಪು ಇನ್ನೂ ಅವನ ಕುತ್ತಿಗೆಯಲ್ಲೇ ಇತ್ತು. ಅದನ್ನು ತೆಗೆದಿಡುವಷ್ಟು ಎಚ್ಚರವೂ ಪಾಪ ಅವನಿಗಿರಲಿಲ್ಲ.

ಅವಳು ಗಂಡನ ಉಗುರಿನ ಹಸಿರನ್ನು ನೋಡಿದಳು. ಟೈಲರನ ಹೆಂಡತಿಗೆ ಒಂದು ಹಸಿರು ಸ್ವೆಟರ್ ಇತ್ತು. ಮಳೆಯಿರಲಿ ಬಿಸಿಲಿರಲಿ, ಅದನ್ನು ಬಿಟ್ಟು ಹೊರಗೆ ಕಂಡವಳಲ್ಲ. ಹತ್ತಿಯನ್ನು ಕೆಳಗಿಟ್ಟಳು.

"ನೀವು ಕೂತ್ಕೊಳ್ಳಿ. ನಾನೇ ನೋಡಿ ಬರ್ತೀನಿ," ಎಂದು ಅವಳು ಎದ್ದಳು.

*

ಅವಳ ಗಂಡ ಬಸ್ ಡಿಪೋದಲ್ಲಿ ಪೇಂಟರ್ ಆಗಿದ್ದ. ದಿನವಿಡೀ ಬಸ್ಸುಗಳ ಮೈಗೆ ಬಣ್ಣ ಹೊಡೆದು ಬಂದವನು ಸಂಜೆ ಮನೆಯಲ್ಲೂ ಬಣ್ಣ ಹಿಡಿದು ಕೂರುತ್ತಿದ್ದ. ಮೊದಮೊದಲು ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಕಿಟ್‌ಗಳು: ಹಡಗು, ವಿಮಾನ, ಹಳೇ ಕಾಲದ ರೈಲು. ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಚು ಉಜ್ಜಿ, ಚಿಮಟದಲ್ಲಿ ಹಿಡಿದು ಅಂಟಿಸಿ, ಬಣ್ಣ ಹಚ್ಚಿ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಮಕ್ಕಳಿಲ್ಲದ ಮನೆಗೆ ಆಟದ ಸಾಮಾನು ರಾಶಿ ಎಂದು ಬೀದಿ ಆಡಿಕೊಂಡಿತು. ಅವನು ಕೇಳಿಸಿಕೊಂಡು ಹೊಟ್ಟೆಗೆ ಹಾಕಿಕೊಂಡ. ಅವಳಿಗೆ ಮಾತ್ರ ಅದು ಬಹಳ ದಿನ ಚುಚ್ಚುತ್ತಿತ್ತು.

ಒಂದು ದಿನ ಅವನು ಹಡಗುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಮೇಜಿನ ಮೇಲೆ ದೊಡ್ಡ ಹಲಗೆಯೊಂದನ್ನು ಹಾಸಿ ತಮ್ಮ ಬೀದಿಯನ್ನೇ ಕಟ್ಟತೊಡಗಿದ. ನಿಜದಲ್ಲಿ ಎಂಬತ್ತೇಳು ಅಡಿ ಇದ್ದದ್ದು ಅಲ್ಲಿ ಒಂದಡಿ. ದೀಪದ ಕಂಬ, ಇಸ್ತ್ರಿಯವನ ತಳ್ಳುಗಾಡಿ, ಕಂಪೌಂಡರನ ಮನೆಯ ಮುರಿದ ಮೆಟ್ಟಿಲು. ಆಮೇಲೆ ಜನ. ಹೆಂಡತಿಯನ್ನು ತಮ್ಮ ಮನೆಯ ಬಾಗಿಲಲ್ಲಿ ನಿಲ್ಲಿಸಿದ. ತನ್ನನ್ನು ಮಾಡಿಕೊಳ್ಳಲಿಲ್ಲ, ಮಹಡಿಯ ಕಿಟಕಿಯನ್ನು ಖಾಲಿ ಬಿಟ್ಟ.

ಜನರನ್ನು ಮಾಡಿದ್ದೇ ತಪ್ಪಾಯಿತೋ ಏನೋ. ಗೋಡೆಗೆ ವಯಸ್ಸಾದರೆ ಯಾರೂ ಕೇಳುವುದಿಲ್ಲ, ಜನಕ್ಕೆ ವಯಸ್ಸಾದರೆ ಮುಖದಲ್ಲೇ ಕಾಣುತ್ತದೆ. ಯಾರದಾದರೂ ಕೂದಲು ನೆರೆತರೆ, ಯಾರಾದರೂ ಹೊಸ ಕನ್ನಡಕ ಹಾಕಿದರೆ, ಅವನು ಆ ಗೊಂಬೆಯನ್ನು ಬೀದಿಯಿಂದ ಎತ್ತಿ ಬಾಟಲಿಯ ಮುಚ್ಚಳದ ಮೇಲೆ ನಿಲ್ಲಿಸಿ ತಿದ್ದುತ್ತಿದ್ದ. ಪೋಸ್ಟ್‌ಮ್ಯಾನ್ ಹಾಗೆ ಮುಚ್ಚಳದ ಮೇಲಿದ್ದಾಗಲೇ ತೀರಿಕೊಂಡ. ಆಮೇಲೆ ಹಾಲಿನ ಬೂತಿನ ಅಜ್ಜಿ. ಕಂಪೌಂಡರನ ಅಣ್ಣನೂ ಹೋದಮೇಲೆ ಬೀದಿ ಆಡಿಕೊಳ್ಳುವುದನ್ನು ಬಿಟ್ಟು ಹೆದರತೊಡಗಿತು.

ಅವಳು ಮುಖಕ್ಕೆ ಮುಖ ಕೊಟ್ಟು ಕೇಳಿದ್ದಳು. "ನೀವು ತೆಗೆದಿದ್ದಕ್ಕೆ ಹೋದ್ರಾ? ಇಲ್ಲ, ಹೋಗ್ತಾರೆ ಅಂತ ಗೊತ್ತಾಗಿ ತೆಗೆದ್ರಾ?"

"ಕೂದಲಿಗೆ ಒಂಚೂರು ಬಿಳಿ ಹಚ್ಚೋಣ ಅಂತ ತೆಗ್ದೆ ಕಣೇ."

"ಇನ್ಮೇಲೆ ಯಾರನ್ನೂ ತೆಗೀಬೇಡಿ. ನನ್ನಾಣೆ."

ಅವನು ತೆಳು ಬ್ಲೇಡೊಂದನ್ನು ತೆಗೆದುಕೊಂಡು ಇಸ್ತ್ರಿಯವನ ಕಾಲ ಸುತ್ತ ನೆಲವನ್ನು ದುಂಡಗೆ ಕೊಯ್ದ. ನೆಲದ ಬಿಲ್ಲೆಯ ಸಮೇತ ಇಸ್ತ್ರಿಯವನು ಮೆಲ್ಲಗೆ ಇತ್ತ ತಿರುಗಿದ. "ನೋಡು, ಗೊಂಬೆ ಎತ್ತೋದೇ ಬೇಡ. ಕಾಲ ಕೆಳಗಿನ ನೆಲ ಕೊಯ್ದು ತಿರುಗಿಸ್ಕೊಂಡ್ರೆ ನಿಂತಲ್ಲೇ ತಿದ್ದಬಹುದು. ಸರಿನಾ?"

ಸರಿ ಎಂದಿದ್ದಳು. ಅಂದಿನಿಂದ ಆ ಕೋಣೆಗೆ ಕಸ ಗುಡಿಸಲು ಹೋದರೂ ಹಲಗೆಯತ್ತ ಕಣ್ಣು ಹಾಯಿಸುತ್ತಿರಲಿಲ್ಲ.

*

ಕೋಣೆಯಿಂದ ಯಾರೋ ಈಗಷ್ಟೇ ಎದ್ದುಹೋದಂತಿತ್ತು. ನಿನ್ನೆ ಸಂಜೆ ಅವನು ಮೇಜಿಗೆ ತಲೆಯಾನಿಸಿದ್ದನ್ನು ನೋಡಿ ನಿದ್ದೆ ಹತ್ತಿದೆ ಅಂದುಕೊಂಡಿದ್ದಳು. ಅವನನ್ನು ಎತ್ತಿಕೊಂಡು ಹೋದಾಗ ಹಿಂದಕ್ಕೆ ಸರಿದ ಕುರ್ಚಿ ಹಾಗೇ ಇತ್ತು. ಹಲಗೆಯ ಮೇಲೆ ಬೀದಿ ಗಪ್‌ಚಿಪ್ಪಾಗಿ ನಿಂತಿತ್ತು. ಇಸ್ತ್ರಿಯವನಿದ್ದ, ಕಂಪೌಂಡರ್ ಇದ್ದ. ಟೈಲರನ ಬಾಲ್ಕನಿ ಖಾಲಿಯಿತ್ತು.

ಟೈಲರನ ಹೆಂಡತಿ ಬಾಟಲಿ ಮುಚ್ಚಳದ ಮೇಲಿದ್ದಳು. ಹಳೆಯ ಬಣ್ಣವನ್ನೆಲ್ಲ ಕೆರೆದು ಮೈಗೆ ಬೂದು ತಳಬಣ್ಣ ಕೊಟ್ಟಾಗಿತ್ತು. ಅದರ ಮೇಲೆ ಸ್ವೆಟರಿನ ಹಸಿರೊಂದೇ ಬಿದ್ದಿತ್ತು. ಎಣ್ಣೆಬಣ್ಣ, ಇನ್ನೂ ಹಸಿ. ಮುಖಕ್ಕೆ, ಕೂದಲಿಗೆ ಬಣ್ಣವಿಲ್ಲ.

"ಆಣೆ ಹಾಕ್ಸಿದ್ನಲ್ಲ ನಿಮಗೆ," ಎಂದಳು ಅವಳು, ಬಾಯಿಬಿಟ್ಟೇ.

ನಿನ್ನೆಯಿಂದ ಬಾರದ ಅಳು ಈಗ ಸಿಟ್ಟಾಗಿ ಬಂತು. ಇವಳನ್ನು ಯಾವಾಗ ತೆಗೆದ? ಅವಳು ಬಿದ್ದ ಮೇಲೋ, ಬೀಳುವ ಮೊದಲೋ? ಕೇಳೋಣವೆಂದರೆ ಕೇಳಬೇಕಾದವನು ಕೆಳಗೆ ಮಲಗಿದ್ದಾನೆ. ಟೈಲರ್ ಬಂದು ಈ ಖಾಲಿ ಬಾಲ್ಕನಿ ನೋಡಿದರೆ, ಹೋಗುವವನು ಅವಳನ್ನೂ ಕರೆದುಕೊಂಡು ಹೊರಟ ಎಂದು ಬೀದಿ ಹೆಣದ ಮುಂದೆಯೇ ಹೇಳುತ್ತದೆ. ಹೇಳಿಕೊಳ್ಳಲಿ. ಆದರೆ ಬೀದಿ ಹೇಳುವುದೇ ನಿಜವಾಗಿದ್ದರೆ?

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಟೈಲರನಿಗೆ ಕೂರಲಾಗಿರಲಿಲ್ಲ.

ಮೇಜಿನ ಮೇಲೆ ಅಂಟಿನ ಎರಡು ಟ್ಯೂಬುಗಳಿದ್ದವು. ಒಂದು ನಿಧಾನಕ್ಕೆ ಹಿಡಿಯುವ ಅಂಟು, ಇನ್ನೊಂದು ಹಾಕಿದ ಕೂಡಲೇ ಕಚ್ಚುವುದು. ಜನರಿಗೆ ಅವನು ನಿಧಾನದ ಅಂಟನ್ನೇ ಬಳಸುತ್ತಿದ್ದ. ಅವಳಿಗೆ ಅದೆಲ್ಲಿ ಗೊತ್ತು, ಕೈಗೆ ಸಿಕ್ಕಿದ್ದನ್ನು ಹಿಂಡಿದಳು. ಗೊಂಬೆಯನ್ನು ಚಿಮಟದಲ್ಲಿ ಎತ್ತಿ ಬಾಲ್ಕನಿಯಲ್ಲಿಟ್ಟು ಒತ್ತಿಹಿಡಿದಳು.

ಟೈಲರ್ ಹೊಸಿಲು ದಾಟಲಿಲ್ಲ. ಅಲ್ಲಿಂದಲೇ ಹಲಗೆಯತ್ತ ಬಗ್ಗಿ ಹುಡುಕಿ, ಹಸಿರು ಚುಕ್ಕಿಯೊಂದನ್ನು ಕಂಡ.

"ಇದಾಳೆ," ಎಂದ. ಹಾಗೇ ಬಾಗಿಲಿಗೆ ಒರಗಿ ಕೂತು ಮಗುವಿನಂತೆ ಅತ್ತುಬಿಟ್ಟ. "ನಿಮ್ಮ ಯಜಮಾನ್ರು ದೇವರಂಥೋರು ಅಕ್ಕಾ. ಜನ ಬಾಯಿಗೆ ಬಂದಂಗೆ ಮಾತಾಡ್ತಾರೆ."

ನಿನ್ನೆವರೆಗೆ ಮಾತಾಡಿದವರಲ್ಲಿ ಅವನೂ ಒಬ್ಬ. ಅವಳು ಅದನ್ನು ಎತ್ತಲಿಲ್ಲ.

*

ಗಾಡಿ ಬಂದು ಬಾಗಿಲ ಮುಂದೆ ನಿಂತಿತು. ಹೆಣ ಎತ್ತಲು ನಾಲ್ಕು ಜನ ಒಳಗೆ ಬಂದರು. ಟೈಲರನ ಜೇಬಿನ ಫೋನು ಹೊಡೆದುಕೊಂಡದ್ದು ಆಗಲೇ. ಅವನು ಎರಡು ಮಾತು ಕೇಳಿ ಅವಳ ಕಡೆ ನೋಡಿದ.

"ಮಗಳ ಫೋನು ಅಕ್ಕಾ. ನಮ್ಮನೆಯವಳು ಕಣ್ಣು ಬಿಟ್ಟಿದಾಳಂತೆ."

ಸುತ್ತ ನಿಂತವರು ಉಸಿರು ಬಿಟ್ಟರು. ತಂಗಿ ಕೂಡ ಅಕ್ಕನ ಭುಜ ಹಿಡಿದಳು. ಟೈಲರ್ ಇನ್ನೂ ಫೋನು ಹಿಡಿದೇ ಇದ್ದ. ನಿಧಾನವಾಗಿ ಅವನ ಮುಖ ಇಳಿಯಿತು.

"ಆದ್ರೆ ಗೋಡೆ ಕಡೆ ತಿರುಗಿ ಮಲಗಿದಾಳಂತೆ. ನರ್ಸು ಈ ಕಡೆ ಹೊರಳಿಸಿದ್ರೂ ಮತ್ತೆ ಗೋಡೆ ಕಡೆಗೇ ಹೋಗ್ತಾಳಂತೆ. ಮಗಳು ಎಷ್ಟು ಕರೆದ್ರೂ ತಿರುಗ್ತಿಲ್ವಂತೆ."

ಅವಳಿಗೆ ಕಾಲ ಕೆಳಗಿನ ನೆಲವೇ ಸರಿದಂತಾಯಿತು.

"ಒಂದೈದು ನಿಮಿಷ ನಿಲ್ಲಿಸಿ," ಎಂದಳು.

"ಅಕ್ಕ, ಎತ್ತೋ ಹೊತ್ತಾಯ್ತು. ಎಲ್ಲಿಗೆ ಹೊರಟೆ?"

"ಅವರೇನು ಓಡಿ ಹೋಗಲ್ಲ. ಇರ್ಲಿ ಬಿಡೇ ಒಂದು ಗಳಿಗೆ." ಅವಳು ಮೆಟ್ಟಿಲು ಹತ್ತಿದಳು.

ಅವನ ಭೂತಕನ್ನಡಿಯನ್ನು ಹಿಡಿದು ಬಾಲ್ಕನಿಯ ಮೇಲೆ ಬಗ್ಗಿದಳು. ಬಣ್ಣವಿಲ್ಲದ ತಲೆಗೆ ಹಿಂದೂ ಒಂದೇ ಮುಂದೂ ಒಂದೇ ಎಂಬಂತಿತ್ತು. ಕನ್ನಡಿಯಲ್ಲಿ ಮಾತ್ರ ಕಂಡಿತು: ಬೀದಿಯ ಕಡೆಗಿರುವುದು ತುರುಬು. ಮೂಗು ಗೋಡೆಗೆ ತಾಗುವಂತಿತ್ತು.

ಬೆರಳಲ್ಲಿ ಅಲ್ಲಾಡಿಸಿ ನೋಡಿದಳು. ಅಂಟು ಕಚ್ಚಿಕೊಂಡಿತ್ತು. ಥಿನ್ನರ್ ಹಾಕಿದರೆ ಅಂಟಿನ ಜತೆ ಸ್ವೆಟರೂ ಕರಗಿಹೋಗುತ್ತದೆ. ಕಿತ್ತರೆ ಬಾಲ್ಕನಿ ಮತ್ತೆ ಖಾಲಿ. ಆ ಒಂದು ಕ್ಷಣದಲ್ಲಿ ಆಸ್ಪತ್ರೆಯಲ್ಲಿ ಏನಾಗುತ್ತದೋ, ಅದನ್ನು ಯೋಚಿಸಲೂ ಅವಳಿಗೆ ಧೈರ್ಯವಿರಲಿಲ್ಲ. ಕೆಳಗೆ ಗಾಡಿಯವನು ಹಾರ್ನ್ ಒತ್ತಿದ.

ಗೊಂಬೆ ಎತ್ತೋದೇ ಬೇಡ, ಎಂದಿದ್ದ ಅವನು.

ತೆಳು ಬ್ಲೇಡು ಅವನು ಇಡುವ ಜಾಗದಲ್ಲೇ ಇತ್ತು. ಮೊಣಕೈಗಳನ್ನು ಮೇಜಿಗೆ ಊರಿ, ಉಸಿರು ಬಿಗಿಹಿಡಿದು, ಆ ಪುಟ್ಟ ಕಾಲುಗಳ ಸುತ್ತ ನೆಲವನ್ನು ದುಂಡಗೆ ಕೊಯ್ದಳು. ಈ ಕೆಲಸವನ್ನು ಎಷ್ಟೋ ಸಲ ಮಾಡಿದ್ದಂತೆ ಕೈ ತಾನೇ ನಡೆಯಿತು. ಬಿಲ್ಲೆ ಬಿಟ್ಟುಕೊಂಡಿತು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಎತ್ತದೆ, ಟೈಲರನ ಹೆಂಡತಿಯನ್ನು ನಿಧಾನವಾಗಿ ಬೀದಿಯ ಕಡೆಗೆ ತಿರುಗಿಸಿದಳು.

ಕೆಳಗೆ ಫೋನು ಹೊಡೆದುಕೊಂಡಿತು. ಆಮೇಲೆ ಟೈಲರನ ದನಿ ಅಂಗಳದಿಂದ ಮೇಲೇರಿ ಬಂತು.

"ಅಕ್ಕಾ, ತಿರುಗಿದ್ಳಂತೆ. ಮಗಳ ಕೈ ಹಿಡ್ಕೊಂಡಿದಾಳಂತೆ."

ಅವಳು ಎದ್ದು ಕಿಟಕಿಗೆ ಬಂದಳು. ಅಂಗಳದಲ್ಲಿ ಯಾರೂ ಒಳಗಿನ ಹೆಣದ ಕಡೆ ನೋಡುತ್ತಿರಲಿಲ್ಲ. ಇಸ್ತ್ರಿಯವನು, ಕಂಪೌಂಡರ್, ಗಾಡಿಯವನು ಕೂಡ, ಕತ್ತೆತ್ತಿ ಅವಳನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಅವನನ್ನು ನೋಡುತ್ತಿದ್ದ ಅದೇ ನೋಟ.

"ಅಕ್ಕಾ," ಇಸ್ತ್ರಿಯವನು ಮೆಲ್ಲಗೆ ಕೂಗಿದ, "ಪುರಸೊತ್ತಾದಾಗ ನಮ್ಮದೂ ಒಂದ್ಸಲ ನೋಡಿ."

ಅವಳು ಹಿಂದೆ ಸರಿದಳು. ಬಲಗೈ ಹೆಬ್ಬೆರಳಿನ ಉಗುರ ಸಂದಿಯಲ್ಲಿ ಹಸಿರು ಹತ್ತಿತ್ತು. ಸೆರಗಿನಿಂದ ಒರೆಸಿದಳು, ಹೋಗಲಿಲ್ಲ.

ಹೊರಡುವ ಮುನ್ನ ಭೂತಕನ್ನಡಿಯನ್ನು ತಮ್ಮದೇ ಮನೆಯ ಮೇಲೆ ಹಿಡಿದಳು. ಅವನು ಅವಳನ್ನು ನಿಲ್ಲಿಸಿದ್ದ ಬಾಗಿಲಲ್ಲಿ ಯಾರೂ ಇರಲಿಲ್ಲ. ಕನ್ನಡಿಯನ್ನು ಮೇಲಕ್ಕೆ ಸರಿಸಿದಳು. ಯಾವಾಗಲೂ ಖಾಲಿಯಿದ್ದ ಮಹಡಿಯ ಕಿಟಕಿಯಲ್ಲಿ ತನ್ನಂತೆಯೇ ನರೆತ ಕೂದಲಿನ ಹೆಂಗಸೊಬ್ಬಳು ನಿಂತಿದ್ದಳು. ಆ ಗೊಂಬೆಯ ಬಲಗೈ ಹೆಬ್ಬೆರಳಿನ ತುದಿಗೆ, ಕೂದಲೆಳೆಯ ಬ್ರಶ್ಶಿನಿಂದ ಇಟ್ಟಂಥ ಒಂದು ಹಸಿರು ಚುಕ್ಕೆ.

ಅವಳು ಉಗುರಿನ ತುದಿಯಿಂದ ಮುಟ್ಟಿ ನೋಡಿದಳು. ಬಣ್ಣ ಎಂದೋ ಒಣಗಿತ್ತು.