ಖಾಲಿ ಜರಡಿ

ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು ಎನ್ನುವುದು ಅಂಬಿಗನ ಜಾಯಮಾನ. ಅದೇ ಅವನಿಗೆ ಮುಳುವಾಯಿತು ನೋಡಿ.

ಸಂಶೋಧನೆಯ ಹುಡುಗಿ ಒಂದು ವರ್ಷದಿಂದ ತಿಂಗಳಿಗೊಮ್ಮೆ ಅವನ ದೋಣಿಯಲ್ಲಿ ಅಳಿವೆಗೆ ಹೋಗುತ್ತಿದ್ದಳು. ನದಿ ಕಡಲು ಸೇರುವ ಆ ನೀರಿನ ತಳದಲ್ಲಿ ಯಾವ ಹುಳು, ಯಾವ ಚಿಪ್ಪು, ಯಾವ ಕಾಲದಲ್ಲಿ ಎಲ್ಲೆಲ್ಲಿ ಎಷ್ಟಿವೆ ಎಂದು ಎಣಿಸುವುದು ಅವಳ ಕೆಲಸ. ಗುರುತು ಮಾಡಿದ ಜಾಗ ಮೂರು; ಎರಡನೆಯದು ದಡದ ನೀರಿನ ಟ್ಯಾಂಕಿನ ನೇರಕ್ಕೆ. ಅವನು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಬುಟ್ಟಿ ಇಳಿಬಿಟ್ಟು ಕೆಸರು ಎತ್ತಬೇಕು, ಅವಳು ಜರಡಿಯಲ್ಲಿ ತೊಳೆಯಬೇಕು. ದೋಣಿ ಅಲುಗಿದರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ತಲೆ ಎತ್ತಿ ದಡ ನೋಡಿದವಳೇ ಅಲ್ಲ. ಜಾಗ ಹಿಡಿಯುವುದನ್ನು ಅಂಬಿಗನಿಗೇ ಬಿಟ್ಟಿದ್ದಳು.

ಅವತ್ತು ಹಿಗ್ಗಿ ಹೀರೇಕಾಯಿಯಾಗಿ ಬಂದಳು.

“ಮಾಮ, ಎರಡನೇ ಜಾಗ ಇದ್ಯಲ್ಲ, ಮಳೆಗಾಲದಲ್ಲಿ ಅಷ್ಟು ಸಿಹಿನೀರು ನುಗ್ಗಿದ್ರೂ ಅಲ್ಲಿ ಹುಳ ಕಡಿಮೆನೇ ಆಗಿಲ್ಲ! ಎಲ್ಲೂ ಹೀಗಾಗಲ್ಲ ಅಂತಾರೆ ನಮ್ಮ ಮೇಡಂ. ನಾಳೆ ಪ್ರಬಂಧ ಕೊಡ್ತೀನಿ. ಅದರ ಜೀವಾನೇ ಇದು.”

ಅಂಬಿಗ ಸುತ್ತುತ್ತಿದ್ದ ಹಗ್ಗವನ್ನು ಕೆಳಗಿಟ್ಟ. ಮಳೆ ಹಿಡಿದ ಮೇಲೆ ಅಲ್ಲಿ ತಳದಲ್ಲಿ ಏನೂ ಉಳಿಯುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು. ಪಾಪ, ವಾಂತಿ ಮಾಡಿಕೊಂಡು ಬರುವ ಕೂಸು ಖಾಲಿ ಜರಡಿ ಹಿಡಿದು ಹೋಗುವುದೇ? ಆ ನಾಲ್ಕು ತಿಂಗಳೂ ದೋಣಿಯನ್ನು ಅರ್ಧ ಮೈಲಿ ಕಡಲಿನ ಕಡೆಗೆ, ಉಪ್ಪುನೀರು ಇರುವಲ್ಲಿ ನಿಲ್ಲಿಸಿದ್ದ.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಳ್ಳಿನ ಮೇಲೆ ಹೆಸರು ಅವಳದ್ದು.

“ಅದು ಎರಡನೇ ಜಾಗ ಅಲ್ಲಮ್ಮ,” ಎಂದವನು ಎಲ್ಲ ಹೇಳಿಬಿಟ್ಟ.

ಅವಳ ಮುಖ ಬಿಳಿಚಿಕೊಂಡಿತು. “ಹುಳ ಬೇಕು ಅಂತ ಯಾರು ಹೇಳಿದ್ರು ನಿಮಗೆ? ಇಲ್ಲ ಅಂದ್ರೆ ಇಲ್ಲ ಅಂತಾನೇ ಬರೀಬೇಕಿತ್ತು ನಾನು! ಒಂದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ!”

ಅವಳು ಬೈದಳು, ಅತ್ತಳು, ಪ್ರಬಂಧವನ್ನು ಚೀಲಕ್ಕೆ ತುರುಕಿ ದಡದ ಮೆಟ್ಟಿಲು ಹತ್ತಿದಳು. ಮೇಲಿನಿಂದಲೇ ತಿರುಗಿದಳು.

“ಮುಂದಿನ ಮಳೆಗಾಲಕ್ಕೆ ಮತ್ತೆ ಬರ್ತೀನಿ. ದೋಣಿ ಸಿದ್ಧ ಇರಲಿ.”

ಮಳೆಗಾಲ ಬಂತು. ಎರಡನೇ ಜಾಗದಲ್ಲಿ, ಸರಿಯಾಗಿ ಅಲ್ಲೇ, ಅವನು ಮೂರು ಸಲ ಕೆಸರೆತ್ತಿದ. ಅವಳು ತೊಳೆದಳು. ಜರಡಿಯಲ್ಲಿ ಒಂದು ಹುಳುವೂ ಇಲ್ಲ. ಅಂಬಿಗನ ಕೈ ತಾನಾಗಿಯೇ ಹುಟ್ಟಿನ ಕಡೆಗೆ ಹೋಯಿತು. ಅವಳು ನೋಡುತ್ತಿದ್ದಳು. ಅವನು ಆ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತ.

“ಏನೂ ಸಿಗ್ಲಿಲ್ಲಮ್ಮ,” ಎಂದ.

“ಹೂಂ ಮಾಮ, ಏನೂ ಇಲ್ಲ.”

ಹೊಟ್ಟೆ ತೊಳಸುತ್ತಿದ್ದರೂ ಅವಳು ತಲೆ ಎತ್ತಿ, ದಡದ ನೀರಿನ ಟ್ಯಾಂಕು ಎದುರಿಗಿದೆಯೇ ಎಂದು ನೋಡಿಕೊಂಡು, ಪುಸ್ತಕದಲ್ಲಿ ಸೊನ್ನೆ ಬರೆದಳು.