ಇಸಾಕನ ಪ್ಲೇಟುಗಳು

ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮಾರನೆಯ ಬೆಳಿಗ್ಗೆ ಶರೀಫುನ್ನೀಸಾ ಮಂಚದ ಕೆಳಗಿನಿಂದ ಗಂಡನ ಗ್ರಾಮಫೋನನ್ನು ಎಳೆದು ತಂದು ಮಾವನ ಮುಂದಿಟ್ಟಳು.

"ಅಬ್ಬಾ, ಕೀಲಿ ಕೊಟ್ರೆ ಸುಮ್ನೆ ಸುತ್ತುತ್ತೆ, ಬಿಗಿಯಾಗಲ್ಲ. ಒಂದ್ಸಲ ಬಿಚ್ಚಿ ನೋಡ್ತೀರಾ?"

ಖಾಸಿಂ ಚಹಾದ ಲೋಟ ಕೆಳಗಿಟ್ಟ. ಆ ಪೆಟ್ಟಿಗೆಯನ್ನು ಅವನು ಎರಡು ವರ್ಷದಿಂದ ಮುಟ್ಟಿರಲಿಲ್ಲ. ಮಗ ಇಸಾಕ್ ಅದನ್ನು ಬಿಟ್ಟು ಮಿಲಿಟರಿಗೆ ಹೋದದ್ದು ನಲವತ್ತೆರಡರಲ್ಲಿ. ಮಣಿಪುರದ ಕಡೆ ಅವನು ಓಡಿಸುತ್ತಿದ್ದ ಲಾರಿ ಕಣಿವೆಗೆ ಉರುಳಿತೆಂದು ಕಾಗದ ಬಂದದ್ದು ನಲವತ್ತನಾಲ್ಕರ ಮುಂಗಾರಿನಲ್ಲಿ. ಖಾಸಿಮನ ಹೆಂಡತಿ ಆಮಿನಾ ಮೊದಲೇ ತೀರಿಕೊಂಡಿದ್ದಳು. ಮದ್ದೂರಿನ ಆ ಎರಡು ಕೋಣೆಯ ಮನೆಯಲ್ಲಿ ಈಗ ಉಳಿದವರು ಮಾವ, ಸೊಸೆ ಇಬ್ಬರೇ.

"ಸಾಯಂಕಾಲ ನೋಡ್ತೀನಿ ಬಿಡಮ್ಮ," ಎಂದು ಎದ್ದು ಹೋದ.

ಮಳವಳ್ಳಿ ರಸ್ತೆಯ ಬಸ್ಸುಗಳಿಗೆ ಖಾಸಿಮನೇ ಮೇಸ್ತ್ರಿ. ಯುದ್ಧ ಬಂದು ಪೆಟ್ರೋಲು ಸಿಗದಾದ ಮೇಲೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಇಂಜಿನ್ ಓಡಿಸುವುದನ್ನೂ ಅವನು ಕಲಿತಿದ್ದ. ಮಗನೂ ತನ್ನ ಜೊತೆ ಸ್ಪ್ಯಾನರು ಹಿಡಿಯುತ್ತಾನೆಂದು ನಂಬಿದ್ದವನು. ಆದರೆ ಇಸಾಕ್ ಮಂಡ್ಯದ ಮದುವೆ ಬ್ಯಾಂಡಿನವರ ಹಿಂದೆ ತಿರುಗಿ ಕ್ಲಾರಿಯೊನೆಟ್ ಊದುವುದನ್ನು ಕಲಿತ. ಆಮೇಲೆ ಬೆಂಗಳೂರು ದಂಡಿನ ಹೋಟೆಲೊಂದರಲ್ಲಿ ದೊರೆಗಳು ಕುಣಿಯುವುದಕ್ಕೆ ಬಾರಿಸುವ ಬ್ಯಾಂಡಿಗೆ ಸೇರಿಕೊಂಡ. ಅಲ್ಲಿ ಜಾಜ್ ಎನ್ನುವ ಸಂಗೀತ ಅವನ ತಲೆಗೇರಿತು. ಊರು ಬಿಟ್ಟು ಹೋಗುವ ದೊರೆಗಳ ಮನೆ ಹರಾಜುಗಳಲ್ಲಿ ಒಂದೊಂದಾಗಿ ಅದರ ಪ್ಲೇಟುಗಳನ್ನು ಕೂಡಿಸಿದ. ಅಮೆರಿಕದಲ್ಲಿ ಕರಿಯರು ಬಾರಿಸಿದ್ದಂತೆ, ಸಮುದ್ರ ದಾಟಿ ಬಂದದ್ದಂತೆ. ಹೋಟೆಲಿನ ಬ್ಯಾಂಡು ಮುಚ್ಚಿಹೋದಾಗ ಆ ಪ್ಲೇಟುಗಳನ್ನು ತಗಡಿನ ಟ್ರಂಕಿನಲ್ಲಿ ಹೊತ್ತುಕೊಂಡು ಮದ್ದೂರಿನಲ್ಲಿ ರೈಲಿಳಿದ.

ಅವತ್ತಿನಿಂದ ಮನೆಯಲ್ಲಿ ಅದೇ ಗದ್ದಲ. ಒಂದು ಪ್ಲೇಟನ್ನು ಪೂರ್ತಿ ಹಾಕುತ್ತಿದ್ದರೆ ಖಾಸಿಂ ತಾಳಿಕೊಳ್ಳುತ್ತಿದ್ದನೋ ಏನೋ. ಇಸಾಕ್ ಪಿನ್ನನ್ನು ಎತ್ತುವುದು, ಸ್ವಲ್ಪ ಹಿಂದಕ್ಕಿಡುವುದು, ಅದೇ ತುಣುಕನ್ನು ಮತ್ತೆ ಕೇಳುವುದು, ಮತ್ತೆ ಎತ್ತುವುದು. ಒಂದು ಮಧ್ಯಾಹ್ನ ಗೇರ್‌ಬಾಕ್ಸ್ ಇಳಿಸಿ ಬೆನ್ನು ಹಿಡಿದುಕೊಂಡು ಊಟಕ್ಕೆ ಬಂದ ಖಾಸಿಮನಿಗೆ ಅದು ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ ಕೇಳಿಸಿತು.

"ದುಡಿಯೋರ ಮನೆ ಇದು!" ಎಂದವನೇ ತಿರುಗುತ್ತಿದ್ದ ಪ್ಲೇಟನ್ನು ಕಿತ್ತು ಹೊಸ್ತಿಲ ಕಲ್ಲಿಗೆ ಅಪ್ಪಳಿಸಿದ್ದ.

ಇಸಾಕ್ ಚೂರುಗಳನ್ನು ಆಯ್ದು ಟವಲಿನಲ್ಲಿ ಕಟ್ಟಿದ. ಹದಿನೈದು ದಿನದೊಳಗೆ ಬೆಂಗಳೂರಿಗೆ ಹೋಗಿ ಮಿಲಿಟರಿ ಡ್ರೈವರುಗಳ ಸಾಲಿನಲ್ಲಿ ನಿಂತ. ಲಾರಿ ಓಡಿಸುವುದನ್ನು ಅವನಿಗೆ ಕಲಿಸಿದ್ದವನು ಖಾಸಿಮನೇ.

ಆ ಸಂಜೆ ಖಾಸಿಂ ಗ್ರಾಮಫೋನ್ ಬಿಚ್ಚಿದ. ಒಳಗಿನ ಸ್ಪ್ರಿಂಗು ತುದಿಯಲ್ಲಿ ತುಂಡಾಗಿತ್ತು. ತುದಿಯನ್ನು ಕೆಂಪಗೆ ಕಾಯಿಸಿ, ಹೊಸ ತೂತು ಹೊಡೆದು, ಸುತ್ತಿ ಕೂರಿಸಿದ. ಕೀಲಿ ಬಿಗಿಯಾಯಿತು.

"ಯಾವ್ದಾದ್ರೂ ಒಂದು ಹಾಕಮ್ಮ. ಸ್ಪೀಡು ಸರಿ ಐತಾ ನೋಡಾಣ," ಎಂದ.

ಶರೀಫಾ ನಡುವೆ ಕೆಂಪು ಚೀಟಿಯಿದ್ದ ಒಂದು ಪ್ಲೇಟು ಹಾಕಿದಳು. ಮಗ ಮನೆಗೆ ತಂದ ಸಂಗೀತವನ್ನು ಖಾಸಿಂ ಮೊದಲಿನಿಂದ ಕೊನೆಯವರೆಗೂ ಕೇಳಿದ್ದು ಅದೇ ಮೊದಲು. ಸಂತೆಯಲ್ಲಿ ಹತ್ತು ಜನ ಒಟ್ಟಿಗೆ ಮಾತಾಡಿದಂತಿತ್ತು. ಮೂರು ನಿಮಿಷಕ್ಕೆ ಮುಗಿದುಹೋಯಿತು.

"ಸ್ಪೀಡು ಸರಿ ಐತೆ," ಎಂದು ಎದ್ದ.

ಮಾರನೆಯ ಸಂಜೆ ಅವನು ಕೈಕಾಲು ತೊಳೆದು ಬರುವ ಹೊತ್ತಿಗೆ ಅವಳು ಇನ್ನೊಂದು ಪ್ಲೇಟು ಹಾಕಿದ್ದಳು. ಖಾಸಿಂ ಬೇಡ ಎನ್ನಲಿಲ್ಲ. ಗೋಡೆಗೆ ಒರಗಿ ಕೂತ. ಹೀಗೆ ಅದು ದಿನದ ಪರಿಪಾಠವಾಯಿತು. ದೀಪ ಹಚ್ಚುವ ಹೊತ್ತಿಗೆ ಒಂದೇ ಪ್ಲೇಟು, ಎರಡೂ ಬದಿ. ಒಟ್ಟು ಇದ್ದದ್ದು ಇಪ್ಪತ್ತೇಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಇಂಗ್ಲಿಷ್ ಇಬ್ಬರಿಗೂ ಬಾರದು. ಚೀಟಿಯ ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದರು. ಶರೀಫಾಗೆ ಗಂಡ ಹೇಳಿಕೊಟ್ಟದ್ದೆಲ್ಲ ನೆನಪಿತ್ತು. ಇದು ತುತ್ತೂರಿ, ಇದು ಪಿಯಾನೊ, ಕೆಳಗೆ ಗುಮ್ ಗುಮ್ ಅನ್ನುವುದು ಆಳೆತ್ತರದ ಪಿಟೀಲು ಎಂದು ಬಿಡಿಸಿ ಹೇಳುತ್ತಿದ್ದಳು. "ಈಗ ಕ್ಲಾರಿಯೊನೆಟ್ ಬತ್ತದೆ, ಕೇಳಿ," ಎಂದು ಬೆರಳೆತ್ತುತ್ತಿದ್ದಳು.

ಪಕ್ಕದ ಮನೆಯ ಚಿಕ್ಕನಂಜಮ್ಮ ಗೋಡೆಯಾಚೆಯಿಂದ ಕೂಗಿದಳು: "ಏನ್ ಕಾಸಿಮಣ್ಣ, ವಯಸ್ಸಾದ್ ಮ್ಯಾಲೆ ದೊರೆಗಳ ಪ್ಲೇಟು ಕೇಳ್ತಾ ಕುಂತಿದ್ದೀಯಲ್ಲ!"

"ದೊರೆಗಳದ್ದಲ್ಲ ಕಣವ್ವ, ನಮ್ ಇಸಾಕಂದು," ಎಂದ ಖಾಸಿಂ. ಅವಳು ಆಮೇಲೆ ಎಷ್ಟೋ ಸಂಜೆ ತಾನೂ ಬಂದು ಅವರೆಕಾಯಿ ಸುಲಿಯುತ್ತಾ ಬಾಗಿಲಲ್ಲಿ ಕೂತಳು.

ಎರಡನೆಯ ಸುತ್ತೋ ಮೂರನೆಯ ಸುತ್ತೋ ನಡೆಯುತ್ತಿದ್ದಾಗ ಒಂದು ಶುಕ್ರವಾರ ಮಧ್ಯಾಹ್ನ ಖಾಸಿಂ ಪ್ಲೇಟುಗಳ ಧೂಳೊರೆಸಲು ಅಂಗಳದ ಬಿಸಿಲಿಗೆ ಹಿಡಿದ. ಕರಿ ಪ್ಲೇಟಿನ ಮೈಮೇಲೆ ಒಂದು ಬೆರಳಿನಷ್ಟು ಅಗಲದ ಪಟ್ಟಿ ಮಾತ್ರ ಬೂದಿಬಣ್ಣಕ್ಕೆ ತಿರುಗಿತ್ತು. ಅದರ ಹಿಂದೆ ಮುಂದೆ ಗೆರೆಗಳು ಹೊಸದರಂತೆ ಹೊಳೆಯುತ್ತಿದ್ದವು. ಕಬ್ಬಿಣ ಎಲ್ಲಿ ಉಜ್ಜಿದೆ, ಎಷ್ಟು ಉಜ್ಜಿದೆ ಎಂದು ನೋಡುವುದೇ ಅವನ ಮೂವತ್ತು ವರ್ಷದ ಕಸುಬು. ಇಷ್ಟು ಸವೆಯಬೇಕಾದರೆ ಪಿನ್ನು ಇಲ್ಲಿ ನೂರಾರು ಸಲ ಓಡಾಡಿರಬೇಕು. ಇನ್ನೊಂದು ಪ್ಲೇಟು ನೋಡಿದ. ಅದರಲ್ಲೂ ಒಂದು ಪಟ್ಟಿ, ಬೇರೆ ಜಾಗದಲ್ಲಿ. ಎಲ್ಲವನ್ನೂ ಚಾಪೆಯ ಮೇಲೆ ಹರವಿ ನೋಡಿದ. ಹತ್ತೊಂಬತ್ತರಲ್ಲಿ ಆ ಬೂದಿ ಗುರುತು ಇತ್ತು.

"ಶರೀಫಾ, ಇಲ್ಲಿ ಏನ್ ಬತ್ತದಮ್ಮ?"

ಅವಳು ಪ್ಲೇಟು ಹಾಕಿ ಪಿನ್ನನ್ನು ಆ ಪಟ್ಟಿಯ ಮೇಲೇ ಇಟ್ಟಳು. ಕ್ಲಾರಿಯೊನೆಟ್ಟು ಒಂಟಿಯಾಗಿ ಮೇಲೆದ್ದಿತು.

"ಅದನ್ನ ಕಲೀತಿದ್ರು ಅಬ್ಬಾ. ಒಂದ್ ತುಣುಕು ಕೇಳೋದು, ಊದಿ ನೋಡೋದು, ಮತ್ತೆ ಕೇಳೋದು. ನೀವು ಗ್ಯಾರೇಜಿಗೆ ಹೋದ್ಮೇಲೆ ಶುರು ಮಾಡೋರು. ತುಟಿ ಒಡೆದು ರಕ್ತ ಬಂದ್ರೂ ಬುಡ್ತಿರ್ಲಿಲ್ಲ."

ಖಾಸಿಂ ಪಿನ್ನನ್ನು ಎತ್ತಿ ಪ್ಲೇಟನ್ನು ಮತ್ತೆ ಬಿಸಿಲಿಗೆ ಹಿಡಿದ. ಮಗ ಕಾಲ ಕಳೆಯುತ್ತಿದ್ದಾನೆ ಎಂದುಕೊಂಡಿದ್ದ. ತಾನು ಗೇರ್‌ಬಾಕ್ಸಿನ ಮುಂದೆ ಬೆನ್ನು ಮುರಿದುಕೊಳ್ಳುವಾಗ ಅವನು ಇಲ್ಲಿ ತುಟಿ ಒಡೆದುಕೊಳ್ಳುತ್ತಿದ್ದ.

"ನಾನು ಒಡೆದ್ನಲ್ಲ, ಅದು?" ಎಂದ.

ಶರೀಫಾ ಹೇಳಿದಳು: "ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ನಾನು ಅಳ್ತಿದ್ರೆ, ಹೋಗ್ಲಿ ಬುಡು, ಅದು ನನ್ ಬೆರಳಿಗೆ ಬಂದೈತೆ, ಇನ್ ಪ್ಲೇಟು ಯಾಕೆ ಅಂದ್ರು."

ಖಾಸಿಂ ಎದ್ದು ಹಿತ್ತಲಿಗೆ ಹೋದ. ಅವನು ಮುಖ ತೊಳೆಯುತ್ತಿದ್ದ ಸದ್ದು ಎಷ್ಟೋ ಹೊತ್ತು ಅವಳಿಗೆ ಕೇಳಿಸಿತು.

ಆ ವಾರದಿಂದ ಅವನು ಉಕ್ಕಿನ ಪಿನ್ನು ಹಾಕಲು ಬಿಡಲಿಲ್ಲ. ಶಿಂಷಾ ದಂಡೆಯ ಜಾಲಿಮರದಿಂದ ಮುಳ್ಳುಗಳನ್ನು ಆರಿಸಿ ತಂದು, ನೆರಳಲ್ಲಿ ಒಣಗಿಸಿ, ಅರದಿಂದ ಉಜ್ಜಿ ಪಿನ್ನಿನ ಜಾಗದಲ್ಲಿ ಸಿಕ್ಕಿಸಿದ. ಮುಳ್ಳಿನಲ್ಲಿ ದನಿ ಸಣ್ಣದಾಗುತ್ತಿತ್ತು, ಆದರೆ ಪ್ಲೇಟು ಸವೆಯುತ್ತಿರಲಿಲ್ಲ. ಮಗ ಮಾಡಿದ ಸವೆತಕ್ಕೆ ತನ್ನದೊಂದು ಗೆರೆಯೂ ಸೇರಬಾರದೆಂಬ ಹಟ ಅವನಿಗೆ.

ಮರುವರ್ಷ ಯುದ್ಧ ಮುಗಿಯಿತು. ಆ ಚಳಿಗಾಲದಲ್ಲಿ ಒಂದು ಸಂಜೆ ಶರೀಫಾ ಬೆರಳೆತ್ತಿದಳು, ಖಾಸಿಮನಿಗೆ ಕ್ಲಾರಿಯೊನೆಟ್ ಕೇಳಿಸಲಿಲ್ಲ. ಕೆಳಗಿನ ಗುಮ್ ಗುಮ್ ಇತ್ತು, ಮೇಲೆ ಖಾಲಿ. ಮುಳ್ಳು ಮೊಂಡಾಗಿದೆ ಎಂದು ಬೇರೆ ಹಾಕಿದ. ಆಗಲೂ ಇಲ್ಲ. ಕೊನೆಗೆ ಡಬ್ಬಿಯ ತಳದಲ್ಲಿದ್ದ ಉಕ್ಕಿನ ಪಿನ್ನನ್ನೇ ಸಿಕ್ಕಿಸಿ ಪೆಟ್ಟಿಗೆಗೆ ಕಿವಿಯೊಡ್ಡಿದ. ಬಾಗಿಲಲ್ಲಿ ಕೂತಿದ್ದ ಚಿಕ್ಕನಂಜಮ್ಮ, "ಅಬ್ಬಬ್ಬ, ಏನ್ ಗಟ್ಟಿಯಾಗ್ ಕೂಗ್ತದೆ!" ಎಂದು ಕಿವಿ ಮುಚ್ಚಿಕೊಂಡಳು. ಮೂವತ್ತು ವರ್ಷ ಇಂಜಿನ್ನಿನ ಪಕ್ಕದಲ್ಲಿ ತಲೆಯಿಟ್ಟವನ ಕಿವಿ. ಸಣ್ಣ ದನಿಗಳು ಒಂದೊಂದೇ ಅವನನ್ನು ಬಿಟ್ಟು ಹೋಗುತ್ತಿದ್ದವು.

ಅವನು ಯಾರಿಗೂ ಹೇಳಲಿಲ್ಲ. ಆದರೆ ಶರೀಫಾಗೆ ತಿಳಿಯಿತು. ಅಂದಿನಿಂದ ಅವಳು ಕ್ಲಾರಿಯೊನೆಟ್ ಬಂದ ಕ್ಷಣ ಬೆರಳೆತ್ತಿ, ಅದು ಏರಿದಂತೆ ಕೈ ಏರಿಸಿ, ಇಳಿದಂತೆ ಇಳಿಸುತ್ತಿದ್ದಳು. ಖಾಸಿಂ ಅವಳ ಕೈ ನೋಡುತ್ತಾ ಕೂರುತ್ತಿದ್ದ.

ನಲವತ್ತಾರರ ರಂಜಾನ್ ಕಳೆದ ಮೇಲೆ ಅವಳ ಅಣ್ಣ ಅಫ್ಸರ್ ಪಾಷಾ ಮಳವಳ್ಳಿಯಿಂದ ಬಂದ. ಅಲ್ಲೇ ಸೈಕಲ್ ಶಾಪಿಟ್ಟವರೊಬ್ಬರು, ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದೆ, ಒಳ್ಳೆಯವರು, ಮದುವೆಗೆ ಕೇಳುತ್ತಿದ್ದಾರೆ ಎಂದ. ಶರೀಫಾಗೆ ಇಪ್ಪತ್ನಾಲ್ಕು. ಅವಳು ಆಗೋದಿಲ್ಲ ಎಂದಳು. ಅಣ್ಣ ಮತ್ತೊಮ್ಮೆ ಬಂದ. ಆಗಲೂ ಅದೇ ಮಾತು.

ಖಾಸಿಂ ಕೇಳಿದರೆ ಅವಳು ಕಾರಣ ಹೇಳಲಿಲ್ಲ. ಹೇಳಿದವಳು ಚಿಕ್ಕನಂಜಮ್ಮ, ಬಾವಿಕಟ್ಟೆಯ ಹತ್ತಿರ ಅವನನ್ನು ತಡೆದು, ಅವನ ಕಿವಿಗೆ ಕೇಳುವಂತೆ ಜೋರಾಗಿ:

"ನಿನ್ನ ಬುಟ್ಟು ಓಗಕ್ಕಿಲ್ಲ ಅಂತಾಳೆ ಕಣಣ್ಣ. ನಾನ್ ಓದ್ರೆ ಅಬ್ಬಂಗೆ ಕ್ಲಾರಿನೆಟ್ಟು ಬಂತು ಅಂತ ತೋರ್ಸೋರ್ಯಾರು ಅಂತಾಳೆ. ಎಳೇ ಹುಡ್ಗಿ. ನೀನಾರ ಏನಾರ ಮಾಡು."

ಆ ಸಂಜೆ ಶರೀಫಾ ಎಂದಿನಂತೆ ಪ್ಲೇಟು ತೆಗೆದಳು. ಖಾಸಿಂ ಗೋಡೆ ಕಡೆ ಮುಖ ಮಾಡಿ ಕೂತಿದ್ದ.

"ಬ್ಯಾಡ, ಎತ್ತಿಡು," ಎಂದ. "ಕೇಳಿ ಕೇಳಿ ಸಾಕಾಗಿದೆ ನಂಗೆ. ಮಗನ್ನ ಮರೀಬೇಕು ನಾನು. ನೀನು ಕಣ್ಮುಂದೆ ಇದ್ರೆ ಮರೆಯಕ್ಕಾಗಲ್ಲ."

ಆ ಮಾತನ್ನು ಅವನು ಮಧ್ಯಾಹ್ನದಿಂದ ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದ. ಹೇಳಿ ಮುಗಿದ ಮೇಲೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅವಳು ಪ್ಲೇಟನ್ನು ಕಾಗದದ ಚೀಲಕ್ಕೆ ಹಾಕಿ, ಟ್ರಂಕು ಮುಚ್ಚಿ, ಒಲೆಯ ಮುಂದೆ ಹೋಗಿ ಕೂತಳು. ಅವಳು ಅತ್ತಳೋ ಇಲ್ಲವೋ ಅವನ ಕಿವಿಗೆ ಗೊತ್ತಾಗಲಿಲ್ಲ.

ಮುಂದಿನ ತಿಂಗಳು ಮಳವಳ್ಳಿಯಲ್ಲಿ ನಿಕಾ ಆಯಿತು. ಹೊರಡುವಾಗ ಖಾಸಿಂ, "ಪೆಟ್ಟಿಗೆ ತಗೊಂಡು ಹೋಗಮ್ಮ," ಎಂದ. ಅವಳು ಬೇಡವೆಂದು ತಲೆಯಾಡಿಸಿದಳು. ಇನ್ನೊಬ್ಬರ ಮನೆಗೆ ಅದನ್ನು ಒಯ್ಯುವುದು ಹೇಗೆ?

ಹತ್ತು ತಿಂಗಳ ಮೇಲೆ, ಅಂಗಡಿ ಸಾಲುಗಳಲ್ಲಿ ಇನ್ನೂ ಸ್ವಾತಂತ್ರ್ಯದ ಮೂರು ಬಣ್ಣದ ಕಾಗದ ತೂಗುತ್ತಿದ್ದ ದಿನಗಳಲ್ಲಿ, ಶರೀಫಾಗೆ ಹೆಣ್ಣುಮಗು ಆಯಿತೆಂದು ಅಫ್ಸರ್ ಪಾಷಾ ಹೇಳಿಕಳಿಸಿದ. ಖಾಸಿಂ ತಾನೇ ರಿಪೇರಿ ಮಾಡಿದ ಬಸ್ಸಿನಲ್ಲಿ ಮಳವಳ್ಳಿಗೆ ಹೋದ. ಅಳಿಯನೆಂದು ಕರೆಯಬೇಕೋ ಏನೆಂದು ಕರೆಯಬೇಕೋ ತಿಳಿಯದ ಆ ಸೈಕಲ್ ಶಾಪಿನ ಮನುಷ್ಯ ಅವನನ್ನು ಮರ್ಯಾದೆಯಿಂದ ಕೂರಿಸಿ, ಬಂಡೂರು ಕುರಿಯ ಮಾಂಸ ತರಿಸಿ ಅಡುಗೆ ಮಾಡಿಸಿದ. ಒಳಕೋಣೆಯಲ್ಲಿ ಊಟಕ್ಕಿಟ್ಟಾಗ ಶರೀಫಾ ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿದಳು. ಬಾಣಂತಿ ಮೈ ತುಂಬಿಕೊಂಡಿದ್ದಳು. ಅದನ್ನು ನೋಡಿ ಅವನಿಗೆ ಸಮಾಧಾನವಾಯಿತು.

ಅವಳು ಬಗ್ಗಿ ಅವನ ಕಿವಿಯ ಹತ್ತಿರ ಕೇಳಿದಳು: "ಅಬ್ಬಾ, ಪ್ಲೇಟು ಏನ್ ಮಾಡಿದ್ರಿ?"

ಸುಳ್ಳನ್ನು ಇನ್ನೊಂದು ಸಲ ಹೇಳುವುದಕ್ಕೆ ಅವನಿಂದಾಗಲಿಲ್ಲ.

"ಅವೆಲ್ಲ ಇದ್ದಾವೆ. ದಿನಾ ಒಂದು ಹಾಕ್ತೀನಿ."

"ಕೇಳ್ಸುತ್ತಾ?"

"ಕೇಳ್ಸಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಅವತ್ತಿನ ಮಾತು ಯಾಕೆ ಬಂತೆಂದು ಈಗ ಅವಳಿಗೆ ಗೊತ್ತಾಯಿತೆಂದು ಖಾಸಿಮನಿಗೂ ಗೊತ್ತಾಯಿತು. ಅವಳ ತುಟಿ ಅಲುಗಿತು. ಏನೋ ಹೇಳಿದಳು, ಮೂರು ನಾಲ್ಕು ಮಾತು.

"ಏನಮ್ಮ?" ಎಂದ ಅವನು, ಕಿವುಡರು ಕೇಳುವಂತೆ ಗಟ್ಟಿಯಾಗಿ.

ಮುಂದಿನ ಕೋಣೆಯಲ್ಲಿ ಗಂಡ ಕೂತಿದ್ದ. ಸತ್ತವನ ವಿಷಯವನ್ನು ಈ ಮನೆಯಲ್ಲಿ ಕೂಗಿ ಹೇಳುವಂತಿರಲಿಲ್ಲ. ಶರೀಫಾ ಆ ಕಡೆ ಒಮ್ಮೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಊಟ ಮಾಡಿ ಅಂದೆ," ಎಂದು ಗಟ್ಟಿಯಾಗಿ ಹೇಳಿ ಅವನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು.

ಖಾಸಿಂ ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಪೂರ್ತಿ ಉಂಡ. ಆಮೇಲೆ ಎಲ್ಲರಿಗೂ ಸಲಾಂ ಹೇಳಿ ಮೂರು ಗಂಟೆಯ ಮದ್ದೂರು ಬಸ್ಸು ಹತ್ತಿದ.